ಅನರ್ಹಗೊಂಡ ಕುಂಕುಮದ ಬೊಟ್ಟು

ನದಿದಂಡೆ ವಸ್ತುಸಂಗ್ರಹಾಲಯದ ವಿನ್ಯಾಸ ಸ್ಪರ್ಧೆ ನಡೆಸಿದ ಮಾನ್ಯ ಅಧ್ಯಕ್ಷರೇ,

ಮಾಂಡವಿ ದಂಡೆಯ ಮೇಲೆ ತಾವು ಕಟ್ಟಿಸಲಿರುವ ವಸ್ತುಸಂಗ್ರಹಾಲಯಕ್ಕಾಗಿ ನಾನು ಕಳುಹಿಸಿದ್ದ ಮಾದರಿಯ ಪೆಟ್ಟಿಗೆಯನ್ನು ತಾವು ಒಮ್ಮೆ ತೆರೆದು, ಹಾಗೆಯೇ ಮುಚ್ಚಿ, ವಾಪಸು ಕಳುಹಿಸಿದ್ದೀರಿ. ಸೋತಿದ್ದರೆ ಸುಮ್ಮನಿರುತ್ತಿದ್ದೆ, ನಮ್ಮ ಕಸುಬಿನಲ್ಲಿ ಸೋಲು ಮಾಮೂಲು. ಆದರೆ ನನ್ನನ್ನು ಸೋಲಿಸುವಷ್ಟು ಶ್ರಮವನ್ನೂ ತಾವು ಪಡಲಿಲ್ಲ. "ಸ್ಪರ್ಧಿಯ ಗುರುತು ಬಯಲು ಮಾಡುವ ಚಿಹ್ನೆ ಇರುವುದರಿಂದ ಅನರ್ಹ" ಎಂದು ಒಂದು ಚೀಟಿ ಅಂಟಿಸಿದ್ದೀರಿ. ಆ ಘೋರ ಚಿಹ್ನೆ ಯಾವುದೆಂದು ಊರಿಗೆಲ್ಲ ಗೊತ್ತಾಗಲಿ: ಮಾದರಿಯ ಛಾವಣಿಯ ಮೇಲಿದ್ದ ಒಂದು ಬೊಟ್ಟು ಕುಂಕುಮ. ಇಂಗ್ಲಿಷಿನಲ್ಲಿ ಬರೆದ ಅರ್ಜಿಗೆ ತಮ್ಮಿಂದ ಉತ್ತರ ಬರಲಿಲ್ಲ. ಹಾಗಾಗಿ ಕನ್ನಡದಲ್ಲಿ, ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ, ಓದುವವರಾದರೂ ಸಿಗುತ್ತಾರೆ.

ಆ ಬೊಟ್ಟು ಅಲ್ಲಿಗೆ ಬಂದ ಕಥೆ ಕೇಳಿ. ನಾನು ಧಾರವಾಡದವಳು, ಗೋವಾದ ಪರ್ವರಿಯಲ್ಲಿ ಸಂಸಾರ, ಕಸುಬು ವಾಸ್ತುಶಿಲ್ಪ. ನಮ್ಮ ಅತ್ತೆ ಕೃಷ್ಣಾಬಾಯಿಯವರ ಕಣ್ಣಿಗೆ ಮಾತ್ರ ಅದು ಎಂದೂ ಕಸುಬಾಗಿ ಕಂಡದ್ದಿಲ್ಲ. ಊಟದ ಮೇಜಿನ ಮೇಲೆ ರಟ್ಟು, ಅಂಟು, ಬ್ಲೇಡು ಹರವಿಕೊಂಡು ನಾನು ಮಾದರಿ ಮಾಡುವಾಗಲೆಲ್ಲ, "ಮುಗೀತೇನವಾ ನಿನ್ನ ಆಟಗಿ ಮನಿ? ತಾಟು ಇಡಲಿಕ್ಕೆ ಜಾಗಾ ಬೇಕಾಗೇದ" ಎನ್ನುವವರು. ಈ ಸಲ ಅದೇನಾಯಿತೋ, ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತರು. ಮಳೆಗಾಲದ ಉಬ್ಬರದ ನೀರು ಬಂದು ಹೋಗಲೆಂದು ನೆಲಮಹಡಿಯನ್ನು ನಾನು ಕಂಬಗಳ ಮೇಲೆ ಖಾಲಿ ಬಿಟ್ಟಿದ್ದೆ. ಅಲ್ಲಿಂದ ಹೊಳೆಗೆ ಇಳಿಯುವ ಅಗಲವಾದ ಮೆಟ್ಟಿಲು. ಟಿಕೆಟ್ಟಿಲ್ಲದೆ ಯಾರು ಬೇಕಾದರೂ ಕೂರಬಹುದು. "ಇಲ್ಲೆ ನಮ್ಮಂಥಾವ್ರೂ ಕೂಡಬಹುದೇನು? ಯಾರೂ ಎಬ್ಬಸೂದಿಲ್ಲಲ್ಲಾ?" ಎಂದು ಕೇಳಿದರು. ಪಣಜಿಯ ದಂಡೆಯಲ್ಲಿ ಯಾವುದೋ ಹೋಟೆಲಿನ ಕಾವಲುಗಾರ ಅವರನ್ನು ಎಬ್ಬಿಸಿ ಕಳುಹಿಸಿದ್ದು ನನಗೆ ತಿಳಿದದ್ದು ಆಗಲೇ.

ಪೆಟ್ಟಿಗೆ ಹೊರಡುವ ದಿನ ನಾನು ಸ್ನಾನಕ್ಕೆ ಹೋಗಿದ್ದೆ. ಹೊಸ ವಸ್ತುವನ್ನು ಪೂಜೆಯಿಲ್ಲದೆ ಮನೆಯಿಂದ ಕಳುಹಿಸುವುದುಂಟೇ? ಅತ್ತೆ ದೇವರ ಮುಂದಿನ ಬಟ್ಟಲು ತಂದು ಛಾವಣಿಗೆ ಕುಂಕುಮ ಹಚ್ಚಿ, ಮುಚ್ಚಳ ಹಾಕಿಸಿ, ಟೆಂಪೋದವನಿಗೆ "ಹುಷಾರಿಲೆ ಒಯ್ಯಪಾ, ನಮ್ಮ ಸೊಸಿ ಮಾಡ್ಯಾಳ ಅದನ್ನ" ಎಂದು ಹೇಳಿ ಕಳುಹಿಸಿಯೇಬಿಟ್ಟರು. ಮದುವೆಯಾಗಿ ಬಂದ ಮೇಲೆ ನನ್ನ ಕೆಲಸಕ್ಕೆ ಈ ಮನೆಯಲ್ಲಿ ಸಿಕ್ಕ ಮೊದಲ ಮರ್ಯಾದೆ ಅದು, ಸ್ವಾಮೀ. ಸ್ನಾನ ಮುಗಿಸಿ ಬಂದ ಮೇಲೆ ಅತ್ತೆಯೇ ಇದನ್ನೆಲ್ಲ ಹೇಳಿದಾಗ ನನ್ನ ಕಣ್ಣು ತುಂಬಿ ಬಂತು. ತಮಗೆ ಮಾತ್ರ ಅದರಲ್ಲಿ ಸಂಚು ಕಂಡಿತು.

ಅಲ್ಲ, ಹೆಸರಿಲ್ಲದೆ ಮಾದರಿ ಕಳುಹಿಸಬೇಕೆಂಬ ನಿಯಮ ಸರಿ, ಆದರೆ ಆ ಬೊಟ್ಟಿನಲ್ಲಿ ತಾವು ಯಾರ ಹೆಸರು ಓದಿದಿರಿ? ಗೋವಾದ ಆ ತುದಿಯ ಪೆಡ್ಣೆಯಿಂದ ಈ ತುದಿಯ ಕಾಣಕೋಣದವರೆಗೆ ಹೊಸ ಮಿಕ್ಸರಿಗೂ ಕುಂಕುಮ ಹಚ್ಚುವ ಮನೆಗಳು ಎಷ್ಟಿಲ್ಲ? ಅಷ್ಟೂ ಮನೆಗಳ ಸೊಸೆಯಂದಿರು ಕೂಡಿ ಒಂದು ಮಾದರಿ ಕಳುಹಿಸಿದ್ದಾರೆಂದು ತಿಳಿದಿರಾ? ನಾನು ವಿಚಾರಿಸಲು ಬಂದಾಗ ತಮ್ಮ ಗುಮಾಸ್ತರು "ಮ್ಯಾಡಮ್, ನಿಶಾನ್ ಹೈ, ನಹೀಂ ಚಲೇಗಾ" ಎಂದರು. ಗುರುತಿದೆ, ನಡೆಯುವುದಿಲ್ಲ ಅಂತ. ಅವರ ಬೆನ್ನ ಹಿಂದಿನ ಕಿಟಕಿಯಲ್ಲಿ ಕಚೇರಿಯ ಹೊಸ ಜೀಪು ನಿಂತಿತ್ತು. ಬಾನೆಟ್ಟಿನ ಮೇಲೆ ಅಂಗೈಯಗಲ ಕುಂಕುಮ, ಬಂಪರಿಗೆ ನಿಂಬೆಹಣ್ಣು, ಮೆಣಸಿನಕಾಯಿ. ಅದನ್ನೂ ಅನರ್ಹಗೊಳಿಸಿ ತಾವು ನಡೆದೇ ಓಡಾಡುತ್ತಿದ್ದೀರಾ?

ಗೆದ್ದ ಮಾದರಿಯನ್ನೂ ಕಣ್ತುಂಬ ನೋಡಿ ಬಂದೆ. ಹಾಯಿಯ ಆಕಾರದ ಗಾಜಿನ ಗೋಡೆ, ಅದೂ ಪಶ್ಚಿಮಕ್ಕೆ ಮುಖ. ಮೇ ತಿಂಗಳ ಮಧ್ಯಾಹ್ನ ಒಳಗಿನ ಪುರಾತನ ವಿಗ್ರಹಗಳೂ ಬೀಸಣಿಗೆ ಕೇಳಿಯಾವು. ಅಂಗಳದ ತುಂಬ ಬೆಳ್ಳಿ ಬಣ್ಣದ ಪುಟ್ಟ ತೆಂಗಿನಮರಗಳು. ಪಣಜಿಯಲ್ಲಿ ಬೆಳ್ಳಿ ತೆಂಗು ಯಾವ ವಾಸ್ತುಶಿಲ್ಪಿಯ ಕಚೇರಿಯ ಮಾದರಿಗಳಲ್ಲಷ್ಟೇ ಬೆಳೆಯುತ್ತದೆಂದು ನಮ್ಮ ಕಸುಬಿನ ಯಾರನ್ನು ಕೇಳಿದರೂ ಥಟ್ಟನೆ ಹೇಳುತ್ತಾರೆ. ತಮ್ಮ ತೀರ್ಪುಗಾರರಿಗೆ ಮಾತ್ರ ಗುರುತು ಹತ್ತಲಿಲ್ಲ. ಪಾಪ, ನನ್ನ ಕುಂಕುಮ ಹುಡುಕಿ ಕಣ್ಣು ದಣಿದಿತ್ತೇನೋ.

ಇಷ್ಟು ಹೊತ್ತು ತಮಾಷೆ ಮಾಡಿದೆ. ಮನೆಯಲ್ಲಿ ನಡೆದಿರುವುದು ತಮಾಷೆಯಲ್ಲ. ಪೆಟ್ಟಿಗೆ ವಾಪಸು ಬಂದಾಗಿನಿಂದ ಅತ್ತೆ ನನ್ನ ಮೇಜಿನ ಹತ್ತಿರ ಸುಳಿಯುತ್ತಿಲ್ಲ. "ನನ್ನ ಕೈಯಿಂದನ ಕೆಟ್ಟಿತವಾ. ಇನ್ನ ನಿನ್ನ ಸಾಮಾನು ಮುಟ್ಟೂದಿಲ್ಲ" ಎನ್ನುತ್ತಾರೆ. ಇಲ್ಲ ಎಂದರೆ, "ನೀ ಸುಮ್ನ ಸಮಾಧಾನಾ ಹೇಳ್ತಿ" ಎಂದು ಒಳಗೆ ಹೋಗುತ್ತಾರೆ. ಸರ್ಕಾರದ ಚೀಟಿಯ ಎದುರು ಸೊಸೆಯ ಮಾತು ಎಲ್ಲಿ ನಿಲ್ಲುತ್ತದೆ?

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಬಹುಮಾನ ಗೆದ್ದವರಿಗೇ ಇರಲಿ. ಮಾದರಿಯನ್ನು ನಾನೇ ಮತ್ತೆ ಹೊತ್ತು ತರುತ್ತೇನೆ. ತಮ್ಮ ತೀರ್ಪುಗಾರರು ಅದರ ಸುತ್ತ ಒಮ್ಮೆ ನಡೆದು, ಬಗ್ಗಿ ನೋಡಿ, ಮನಸ್ಸಿಗೆ ಬಂದಷ್ಟು ತಪ್ಪು ಹುಡುಕಲಿ. ಛಾವಣಿ ಸೋರುತ್ತದೆ ಅನ್ನಲಿ, ಮೆಟ್ಟಿಲು ಜಾರುತ್ತದೆ ಅನ್ನಲಿ, ಈ ಹೆಂಗಸಿಗೆ ಕಟ್ಟಡದ ಗಂಧಗಾಳಿಯೂ ಇಲ್ಲ ಅನ್ನಲಿ. ಅದನ್ನೆಲ್ಲ ಬರೆದು, ಮೊಹರು ಒತ್ತಿ ಕೊಡಿ. ಈ ಪತ್ರ ಅಚ್ಚಾದ ದಿನ ಅತ್ತೆಯ ಕಣ್ಣಿಗೆ ಬೀಳದಂತೆ ಪೇಪರು ಬಚ್ಚಿಡುವ ಹೊಣೆ ನನ್ನದು. ತಪ್ಪೆಲ್ಲ ಸೊಸೆಯದೇ ಎಂದು ಸರ್ಕಾರವೇ ಬರೆದುಕೊಟ್ಟರೆ ಯಾವ ಅತ್ತೆ ನಂಬುವುದಿಲ್ಲ, ಹೇಳಿ?

ಇಂತಿ,
ಕ್ರಮಬದ್ಧವಾಗಿ ಸೋಲಲು ಅವಕಾಶ ಕೋರುವ
ಸುಮೇಧಾ,
ಪರ್ವರಿ, ಜುಲೈ ೨೦೦೭