ಮಂಚದೆತ್ತರದ ಕಿಟಕಿ

ಅಪ್ಪಾ,

ಅಡುಗೆ ಮುಚ್ಚಿಟ್ಟಿದ್ದೇನೆ. ಬಿಸಿ ಮಾಡಿಕೊಂಡೇ ಉಣ್ಣು. ನಿನ್ನ ಬಿಪಿ ಮಾತ್ರೆ ಅಮ್ಮನ ಡಬ್ಬಿಯಲ್ಲಿದೆ. ಅವಳ ಮಾತ್ರೆಗಳನ್ನೆಲ್ಲ ತೆಗೆದುಹಾಕಿದೆ.

ಮೇಸ್ತ್ರಿ ಬಂದರೆ ಹೊಸ ಮನೆಯ ಮಲಗುವ ಕೋಣೆಯ ಕಿಟಕಿ ಮುಟ್ಟಬೇಡ ಅನ್ನು. ನಿನ್ನೆ ನೀನು ಅವನಿಗೆ, "ಅವಳೇ ಹೋದ್ಮೇಲೆ ಅಷ್ಟು ಕೆಳಗೆ ಕಿಟಕಿ ಯಾರಿಗಯ್ಯಾ? ಅರ್ಧ ಮುಚ್ಚಿಬಿಡು" ಅಂದಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಅವನೆದುರು ಬೇಡ ಅನ್ನಲು ಆಗಲಿಲ್ಲ. ಅಳುವೂ ಬರಲಿಲ್ಲ, ಅಮ್ಮ ಹೋದ ದಿನದಿಂದಲೂ ಬಂದಿಲ್ಲ. ಅದಕ್ಕೇ ಬರೆದಿಡುತ್ತಿದ್ದೇನೆ.

ಎತ್ತರ ಅವಳ ಮಂಚದ್ದು, ನಿಜ. ಮಲಗಿದಲ್ಲೇ ಗಾಳಿ ಸಿಗಲಿ ಅಂತ ಅಳೆದದ್ದು. ಆದರೆ ಅದು ಅವಳೊಬ್ಬಳಿಗಲ್ಲ. ತಂಪು ಗಾಳಿ ಕೆಳಗಿನಿಂದ ಬಂದರೆ ತಾನೆ ಬಿಸಿಗಾಳಿ ಎದುರು ಗೋಡೆಯ ಮೇಲಿನ ಜಾಲಂಧ್ರದಿಂದ ಹೊರಗೆ ಹೋಗುವುದು? ಇದನ್ನು ಮುಚ್ಚಿದರೆ ಅದೂ ದಂಡ. ಬೇಸಿಗೆಯಲ್ಲಿ ಹೆಂಚಿನ ಕೆಳಗೆ ಬೇಯುತ್ತೀಯ. ಎಸಿ ಹಾಕಿಸುವಷ್ಟು ಶಕ್ತಿ ನಮಗೆಲ್ಲಿದೆ?

ಕಿಟಕಿ ಅಳೆದ ದಿನ ಮೇಸ್ತ್ರಿ, "ಇದೇನ್ ಕಿಟಕೀನೋ, ಬೆಕ್ಕಿಗೆ ಬಾಗಿಲೋ?" ಅಂದಿದ್ದ. ಅಮ್ಮ, "ಗಾಳೀನೂ ಬರ್ಲಿ, ಬೆಕ್ಕೂ ಬರ್ಲಿ ಬಿಡಪ್ಪಾ" ಅಂತ ನಕ್ಕಿದ್ದಳು. ನೀನೂ ಅಲ್ಲೇ ಇದ್ದೆ.

ನಿನ್ನ ಮಂಚ ಅಲ್ಲೇ ಹಾಕೋಣ. ಆ ಕೋಣೆಯಲ್ಲಿ ನೀನೇ ಮಲಗು.

ಇಟ್ಟಿಗೆ ಗೋಡೆಗೆ ನೀರು ಹಾಕುವುದು ಮರೆಯಬೇಡ. ನಾನು ಬರುವುದು ಸಂಜೆ.

ನಿನ್ನೆ ಮಧ್ಯಾಹ್ನ ಅಷ್ಟು ಉರಿಬಿಸಿಲಿನಲ್ಲಿ ಯಾವುದೋ ಬೆಕ್ಕು ಬಂದು ಆ ಕಿಟಕಿಯಲ್ಲಿ ಕಾಲು ಚಾಚಿ ಮಲಗಿತ್ತು. ಇವತ್ತೂ ಬಂದರೆ ಓಡಿಸಬೇಡ.