ನಿಮ್ಮ ಕಾರು ಹೊರಡದಿರುವ ಬಗ್ಗೆ

ಗೊಳಸಂಗಿ
೨-೮-೧೯೭೪

ಇಂಡಿ ಪೇಟೆಯ ಕೀರ್ತಿಕಳಶರೂ, ಹದಿನೆಂಟು ವರ್ಷದ ಕಾರಿನ ಏಕಮೇವ ಚಕ್ರವರ್ತಿಗಳೂ, ನಮ್ಮ ಕಾಶಿಬಾಯಿ ಅಕ್ಕನ ಯಜಮಾನರೂ ಆದ ಗುರಲಿಂಗಪ್ಪ ಮಾವನವರ ಪಾದಗಳಿಗೆ ಸಿದ್ರಾಮನ ಸಾಷ್ಟಾಂಗ.

ಪಂಚಮಿಗೆ ತವರಿಗೆ ಬಂದ ಅಕ್ಕನನ್ನು ಕರೆದೊಯ್ಯಲು ನೀವು ಕಳಿಸಿದ ಕಾರಿನ ರೋಗದ ವರದಿ ಇದು. ಅಕ್ಕನ ಟ್ರಂಕು ಏರಿಸಿದ ಮೂರು ಬೆಳಗೂ ಅದು ಚಾಲೂ ಆಗಲಿಲ್ಲ. ಮಧ್ಯಾಹ್ನ ಮಾತ್ರ ಒಂದೇ ಸಲಕ್ಕೆ ಆಯಿತು. ಡ್ರೈವರ್ ಮಾಳಿಂಗಪ್ಪ ಬ್ಯಾಟರಿ ನೋಡಿದ, ಪ್ಲಗ್ ಒರೆಸಿದ, "ಇದಕ್ಕ ದೆವ್ವ ಹೊಕ್ಕೈತಿ" ಅಂದ. "ಹೊಂಟ ಗಾಡಿ ನಿಂತರ ಅವತ್ತು ಮಗಳನ್ನ ಕಳಸಬಾರದು" ಅಂದಳು ಅವ್ವ. ಇಳಿಸಿದ ಟ್ರಂಕನ್ನು ಮೂರು ಸಲವೂ ಅಕ್ಕ ತಾನೇ ಒಳಗೆ ಒಯ್ದಳು.

ಅವಳ ಕೆನ್ನೆಯ ಬಾವು ಇಳಿದಿದೆ. ಬಾಗಿಲು ಬಡಿಯಿತು ಎಂದಿದ್ದಳು. ನಿಮ್ಮ ಮನೆಯ ಬಾಗಿಲಿಗೆ ಐದು ಬೆರಳಿರುವುದು ನಮಗೆ ಗೊತ್ತಿರಲಿಲ್ಲ.

ಮಾಳಿಂಗಪ್ಪ ಇಂದು ಖಾಲಿ ಕಾರು ತರುತ್ತಾನೆ. ಅಕ್ಕನ ಹೊಲಿಗೆ ಮಷೀನನ್ನು ಬಸ್ಸಿಗೆ ಹಾಕಿಸಿ.

ಇಂತಿ ನಿಮ್ಮ ಕಾರಿನ ವೈದ್ಯ,
ಸಿದ್ರಾಮ

ತಾ.ಕ.: ಪ್ಲಗ್ಗುಗಳಿಗೆ ಕಿಡಿ ಹಂಚುವ ರೋಟರ್ ಎಂಬ ಹೆಬ್ಬೆರಳಷ್ಟು ತುಣುಕನ್ನು ಎರಡು ಬೆಳಗು ನಾನೇ ಕಿತ್ತಿಟ್ಟಿದ್ದೆ. ಮೂರನೆಯ ಬೆಳಗು ಕೈ ಹಾಕಿದರೆ ಅದು ಅಲ್ಲಿರಲೇ ಇಲ್ಲ. ಹುಡುಕಿದಾಗ ಅವ್ವನ ಎಲೆಅಡಿಕೆ ಚೀಲದಲ್ಲಿ ಸಿಕ್ಕಿತು.