ರಮೇಶಕುಮಾರರ ಹೆಸರು ಹೇಳಿದವರಿಗೆ

‘ಕಾಗಿಣಾ ದಂಡಿ’ ಎಂಬ ಹೆಸರಿನ ಹಿಂದೆ ಕುಳಿತವರಿಗೆ,

ಚಿತ್ತಾಪುರದಿಂದ ಭುವನೇಶ್ವರಿಯ ನಮಸ್ಕಾರ. ನಿಮ್ಮನ್ನು ಅಕ್ಕ ಎನ್ನಬೇಕೋ ತಂಗಿ ಎನ್ನಬೇಕೋ ನನಗೆ ತಿಳಿಯದು. ಈ ಕಾಗದ ನಿಮ್ಮ ಕೈಗೆ ಸೇರುತ್ತದೆ ಎಂಬುದರಲ್ಲೂ ನನಗೆ ಅನುಮಾನವಿದೆ. ಸೇಡಂನ ಕರುಣಾ ಮೇಡಂ ಮುಟ್ಟಿಸುತ್ತೇನೆ ಎಂದು ಮಾತು ಕೊಟ್ಟಿದ್ದಾರೆ. ಒಡೆದು ಓದದೆ ಮುಟ್ಟಿಸುತ್ತಾರೋ ಇಲ್ಲವೋ ಎಂದುಕೊಂಡು ಲಕೋಟೆಯ ಬಾಯಿಗೆ ಎರಡು ಸಲ ಗೋಂದು ಹಚ್ಚಿದ್ದೇನೆ.

ನನ್ನ ಸ್ವಭಾವವೇ ಹೀಗೆ, ಮೊದಲೇ ಹೇಳಿಬಿಡುತ್ತೇನೆ. ಗ್ಯಾಸಿನವನು ಸಿಲಿಂಡರ್ ಇಳಿಸಿದರೆ ಎತ್ತಿ ನೋಡುತ್ತೇನೆ. ಬಸ್ಸಿನಲ್ಲಿ ಯಾರಾದರೂ ಎದ್ದು ಸೀಟು ಕೊಟ್ಟರೆ, ಒದ್ದೆಯಾಗಿದೆಯೇನೋ ಎಂದು ಕೈಯಾಡಿಸಿದ ಮೇಲೆಯೇ ಕೂರುತ್ತೇನೆ. ಹೋದ ವರ್ಷ ಚಿತ್ತಾಪುರದಲ್ಲಿ ನಮ್ಮ ಶಾಲಾ ಶಿಕ್ಷಕರಿಗೆಲ್ಲ ತರಬೇತಿ ಇತ್ತು. ಪದ್ಯ ಕಲಿಸಲು ಮೊಬೈಲಿನಲ್ಲಿ ಏನೇನು ಸಿಗುತ್ತದೆ ಎಂದು ಗೋಡೆಯ ಮೇಲೆ ಬೆಳಕು ಬಿಟ್ಟು ತೋರಿಸಿದರು. ಹಾಡು ಕೇಳುವ ಜಾಗ, ಛಂದಸ್ಸು ಕಲಿಯುವ ಜಾಗ, ನಾವು ಬರೆದದ್ದನ್ನು ನಾಲ್ಕು ಜನರಿಗೆ ಓದಿಸುವ ಜಾಗ. ಎಲ್ಲವೂ ಪುಕ್ಕಟೆ. ಪುಕ್ಕಟೆ ಎಂದ ಕೂಡಲೇ ನನ್ನ ಕಿವಿ ನೆಟ್ಟಗಾಯಿತು. ಹಾಡು ಕೇಳಿಸಲು ನನ್ನ ಫೋನಿನಲ್ಲಿರುವ ಎಲ್ಲರ ನಂಬರು ಇವರಿಗೇಕೆ ಬೇಕು ಎಂದು ಎದ್ದು ನಿಂತು ಕೇಳಿದೆ. ತರಬೇತಿ ಕೊಡುವವರು ಚಹಾದ ಹೊತ್ತಾಯಿತು ಎಂದರು.

ಆ ಎಲ್ಲದರಲ್ಲಿ ನಂಬರು ಕೇಳದೆ ಇದ್ದದ್ದು ಕರುಣಾ ಮೇಡಂ ನಡೆಸುವ ‘ಹಾಡಿನ ಪಡಸಾಲೆ’ ಒಂದೇ. ಅದಕ್ಕೇ ಅದನ್ನು ಇನ್ನೂ ಹೆಚ್ಚು ಅನುಮಾನದಿಂದ ನೋಡಿದೆ. ಆದರೆ ನಿಜ ಹೇಳಬೇಕು, ಅದು ಕೆಲಸಕ್ಕೆ ಬಂತು. ನಾನು ಗುಂಡಗುರ್ತಿಯ ಶಾಲೆಯಲ್ಲಿ ಐದನೆಯ ತರಗತಿಗೆ ಕನ್ನಡ ಕಲಿಸುವವಳು. ಚಿಮ್ಮನಚೋಡದ ಮುದುಕಿಯರು ಬೀಸುತ್ತ ಹಾಡಿದ ಪದಗಳನ್ನು ಅಲ್ಲಿ ಹಾಕಿದ್ದರು. ಒಂದೊಂದು ಸಾಲು ಎಲ್ಲಿ ನಿಲ್ಲುತ್ತದೆ, ಚಪ್ಪಾಳೆ ಎಲ್ಲಿ ಬೀಳುತ್ತದೆ ಎಂದು ಬಿಡಿಸಿ ತೋರಿಸಿದ್ದರು. ಪದ್ಯ ಎಂದರೆ ಆಕಳಿಸುತ್ತಿದ್ದ ಮಕ್ಕಳು ಬೆಂಚು ಬಡಿದು ತಾಳ ಹಾಕತೊಡಗಿದರು. ಪಕ್ಕದ ತರಗತಿಯಿಂದ ದೂರು ಬರುವಷ್ಟು ಪದ್ಯಪಾಠ ನಡೆಯಿತು. ನನಗೂ ಚಟ ಹತ್ತಿತು, ಮನೆಯಲ್ಲಿ ರೊಟ್ಟಿ ಬಡಿಯುವಾಗಲೂ ಫೋನು ಹಚ್ಚಿ ಕೇಳುತ್ತಿದ್ದೆ.

ಹೀಗೆ ಕೇಳುತ್ತ ಓದುತ್ತ ಒಂದು ದಿನ ‘ಹೆಸರು ಹೇಳ್ರಿ’ ಎಂಬ ಮೂಲೆಗೆ ಹೋದೆ. ಅಲ್ಲಿ ನೀವು ಸಿಕ್ಕಿರಿ.

ನಿಮಗೆ ಗೊತ್ತಿರುವ ಪದ್ಧತಿಯನ್ನೇ ಹೇಳುತ್ತೇನೆ, ಬೇಸರಪಡಬೇಡಿ, ನನ್ನ ಸಂಶಯದ ಬೇರು ಅಲ್ಲೇ ಇದೆ. ನಮ್ಮ ಕಡೆ ಹೆಂಡತಿ ಗಂಡನ ಹೆಸರನ್ನು ಸುಮ್ಮನೆ ಕರೆಯುವುದಿಲ್ಲ. ಮದುವೆಯಲ್ಲಿ, ಬಸುರಿಯ ಕುಬಸದಲ್ಲಿ, ಕೂಸಿನ ತೊಟ್ಟಿಲಲ್ಲಿ ಹೆಂಗಸರು ಸುತ್ತುಗಟ್ಟಿ ಹೆಸರು ಹೇಳು ಎಂದು ಕಾಡಿದಾಗ ಎರಡು ಸಾಲಿನ ಒಡಪು ಕಟ್ಟಿ, ಅದರೊಳಗೆ ಇಟ್ಟು ಹೇಳುತ್ತಾಳೆ. ಹಾಗೆ ಒಡಪಿನಲ್ಲಿ ಒಬ್ಬ ಗಂಡಸಿನ ಹೆಸರು ಹೇಳಿದವಳು ಅವನ ಹೆಂಡತಿ. ಇದಕ್ಕೆ ಸಾಕ್ಷಿ ಬೇಡ, ಕಾಗದಪತ್ರ ಬೇಡ. ಅಂಥದ್ದರಲ್ಲಿ ನಾನು ಕಂಡದ್ದು ಇದು:

ಶಹಾಬಾದ ಹಾಸಗಲ್ಲು ನೀರ ಹೊಡದರ ತಣ್ಣಗ,
ರಮೇಶಕುಮಾರರು ಡ್ಯೂಟಿ ಮುಗಿಸಿ ಬಂದರ ಮೀಸಿತನಾ ಬೆಳ್ಳಗ.

ನನ್ನ ಗಂಡನ ಹೆಸರೂ ಅದೇ. ಅವರೂ ವಾಡಿಯ ಹತ್ತಿರ ಸಿಮೆಂಟ್ ಕಾರ್ಖಾನೆಯಲ್ಲಿ ಕೆಲಸ ಮಾಡುವವರು. ಧೂಳು ಮೆತ್ತಿಕೊಂಡು ಮನೆಗೆ ಬಂದಾಗ ಅವರ ಮೀಸೆಯೂ ಬೆಳ್ಳಗೇ ಇರುತ್ತದೆ. ಮುಂದಿನದನ್ನು ನಿಂತಲ್ಲೇ ಎರಡು ಸಲ ಓದಿದೆ:

ಚಿಂಚೋಳಿ ತೊಗರಿ ಬ್ಯಾಳಿ ಕುದೀಲಿಕ್ಕ ಭಾಳ ತಡ,
ರಮೇಶಕುಮಾರರಿಗಿ ಸಿಟ್ಟ ಬಂದಾಗ ಉಣ್ರಿ ಅನಬ್ಯಾಡ.

ಇವರೂ ಸಿಟ್ಟು ಬಂದರೆ ಊಟ ಬಿಡುತ್ತಾರೆ. ಇದು ಹೊರಗಿನವಳಿಗೆ ಹೇಗೆ ಗೊತ್ತಾಯಿತು? ಸಿಟ್ಟು ಬಂದರೆ ಊಟ ಬಿಡದ ಗಂಡಸು ನಮ್ಮ ತಾಲೂಕುಗಳಲ್ಲಿ ಹುಡುಕಿದರೂ ಸಿಗುವುದಿಲ್ಲ ಎಂಬುದು ಆ ಹೊತ್ತಿಗೆ ನನಗೆ ಹೊಳೆಯಲೇ ಇಲ್ಲ.

ನಿಮ್ಮ ಒಡಪುಗಳನ್ನೆಲ್ಲ ಪುರಾವೆಗೆಂದು ಫೋಟೋ ಹೊಡೆದಿಟ್ಟುಕೊಂಡೆ. ನಮ್ಮ ಮನೆಯವರ ಬೆನ್ನು ಬಿದ್ದೆ. ಕಾಗಿಣಾ ಹೊಳೆದಂಡೆಯ ಸೇಡಂ ಕಡೆ ನಿಮಗೆ ಯಾರು ಪರಿಚಯ ಎಂದು ಕೇಳಿದೆ. ಲಾರಿ ಓಡಿಸುವ ಅಬ್ದುಲ್ ಕರೀಮ್ ಎಂದರು. ಹೆಂಗಸರಲ್ಲಿ ಎಂದು ಕೇಳಿದೆ. ಅಬ್ದುಲ್ ಕರೀಮನ ತಾಯಿ ಅಮೀರ್ಬೀ, ಹಬ್ಬಕ್ಕೆ ಸುರಕುಂಬಾ ಪಾಯಸ ಕೊಡುತ್ತಾಳೆ ಎಂದರು. ಆ ಅಮೀರ್ಬೀಯ ವಯಸ್ಸು ಎಷ್ಟು ಎಂದು ಕೇಳುವಷ್ಟು ಕೆಳಗಿಳಿದೆ. ಕೊನೆಗೆ ಫೋನನ್ನೇ ಅವರ ಮುಖದ ಮುಂದೆ ಹಿಡಿದೆ. ಅವರು ಕನ್ನಡಕ ಏರಿಸಿ ಎಲ್ಲವನ್ನೂ ನಿಧಾನ ಓದಿದರು, ಓದುತ್ತ ಓದುತ್ತ ಮುಖ ಅರಳಿತು. ಅದನ್ನು ನಾನು ಗುರುತಿಟ್ಟುಕೊಂಡೆ.

“ಯಾರs ಆಗಲಿ, ಭಾಳ ಛಂದ ಬರದಾರ,” ಎಂದರು. “ನೀ ಅಂತೂ ಒಂದಿನಾ ನನ್ನ ಹೆಸರ ಹಿಂಗ ಹೇಳಿಲ್ಲ.”

ನಾನು ಇನ್ನೂ ನಾಲ್ಕು ಪ್ರಶ್ನೆ ಹಾಕಿದೆ. ಅವರು ಸಿಟ್ಟಾಗಿ ತಾಟಿನ ಮುಂದಿನಿಂದ ಎದ್ದುಹೋದರು. ಉಣ್ಣಿರಿ ಎನ್ನಲು ಬಾಯಿ ತೆರೆದವಳು ನಿಮ್ಮ ಒಡಪು ನೆನಪಾಗಿ ಮುಚ್ಚಿಕೊಂಡೆ. ನನ್ನ ಗಂಡನ ಜೊತೆ ಹೇಗಿರಬೇಕು ಎಂದು ನನಗೆ ನೀವು ಕಲಿಸಿದ ಹಾಗಾಯಿತು, ಅದು ಇನ್ನಷ್ಟು ಉರಿಯಿತು. ಅದೇ ಉರಿಯಲ್ಲಿ, ಎಲ್ಲರೂ ಓದುವ ಜಾಗದಲ್ಲಿ, ನಿಮ್ಮ ಒಡಪಿನ ಕೆಳಗೆ ಬರೆದೆ: ‘ಈ ಹೆಸರು ಹೇಳಲಿಕ್ಕೆ ನಿಮಗೇನು ಹಕ್ಕಿದೆ?’

ಮರುದಿನ ನಿಮ್ಮ ಒಡಪುಗಳು ಒಂದೂ ಇರಲಿಲ್ಲ. ಎಲ್ಲವನ್ನೂ ಅಳಿಸಿ ನೀವು ಪಡಸಾಲೆಯಿಂದಲೇ ಹೋಗಿಬಿಟ್ಟಿದ್ದಿರಿ. ನಾನು ಗೆದ್ದೆ ಎಂದುಕೊಂಡೆ. ಸಾಚಾ ಇದ್ದಿದ್ದರೆ ತಿರುಗಿ ಉತ್ತರ ಕೊಡುತ್ತಿದ್ದರು, ಕಳ್ಳಿ ಓಡಿದಳು ಎಂದು ಶಾಲೆಯ ಅಡುಗೆಯ ಮಾಳಮ್ಮನಿಗೂ ಹೇಳಿದೆ. ಅವಳು ಪುರಾವೆ ನೋಡುತ್ತೇನೆ ಎಂದಳು. ಊಟದ ಬಿಡುವಿನಲ್ಲಿ ಅವಳಿಗೆ ಓದಿ ಹೇಳತೊಡಗಿದೆ. ಓದುತ್ತಿದ್ದಾಗ ಈ ಒಂದು ಬಂತು:

ಸೇಡಂ ಸಂತ್ಯಾಗ ಬಳಿ ಇಟಗೊಂಡೆ ಹಸರ,
ಲೂನಾ ಮ್ಯಾಲ ಕರಕೊಂಡ ಬಂದವರು ರಮೇಶಕುಮಾರ ಅವರ ಹೆಸರ.

ನಾನು ಅಲ್ಲೇ ನಿಂತೆ. ನಮ್ಮ ಮನೆಯವರು ಜನ್ಮದಲ್ಲಿ ಲೂನಾ ಓಡಿಸಿದವರಲ್ಲ. ಈಗ ಆ ಲೂನಾ ಮೊಪೆಡ್ ಎಲ್ಲಿದೆ? ನಮ್ಮ ಮಕ್ಕಳು ಅದನ್ನು ಕಂಡೇ ಇಲ್ಲ. ಉಳಿದವನ್ನೂ ಅದೇ ಕಣ್ಣಿನಿಂದ ಓದಿದೆ. ನಿಮ್ಮ ರಮೇಶಕುಮಾರರು ಟೇಪ್ ರೆಕಾರ್ಡರಿಗೆ ಸೆಲ್ಲು ತರುತ್ತಾರೆ, ಊರಿಗೆ ಹೋದರೆ ಕಾರ್ಡು ಬರೆಯುತ್ತಾರೆ. ಒಂದು ಒಡಪಿನಲ್ಲೂ ಅವರ ಕೈಯಲ್ಲಿ ಮೊಬೈಲಿಲ್ಲ, ಕೂದಲು ಬೆಳ್ಳಗಾಗಿಲ್ಲ. ನಾನು ಗಂಡನ ಮೇಲಿನ ಅನುಮಾನ ಬಿಟ್ಟು ನಿಮ್ಮ ಮೇಲೆ ಬೇರೆ ಥರದ ಅನುಮಾನ ಪಟ್ಟೆ. ಇವರು ಯಾರ ಬಗ್ಗೆ ಬರೆಯುತ್ತಿದ್ದಾರೆ ಎಂದು ತಿಳಿದುಕೊಳ್ಳದೆ ಇರಲು ನನ್ನಿಂದ ಆಗಲಿಲ್ಲ. ಶನಿವಾರ ಶಾಲೆ ಬಿಟ್ಟವಳೇ ಸೇಡಂ ಬಸ್ಸು ಹತ್ತಿದೆ.

ಕರುಣಾ ಮೇಡಂ ಮೇಲೆ ನೀವು ಸಿಟ್ಟಾಗಬಾರದು. ಅವರು ನಿಮ್ಮ ಹೆಸರು ಹೇಳಲಿಲ್ಲ, ಊರು ಹೇಳಲಿಲ್ಲ. ನಾನು ತಿರುಗಿಸಿ ಮುರುಗಿಸಿ ಕೇಳಿದೆ, ಜಾಣೆ ಬಾಯಿ ಬಿಡಲಿಲ್ಲ. ನಾನು ಬರೆದದ್ದನ್ನು ಓದಿದಾಗ ತಮಗೆ ಏನನ್ನಿಸಿತು ಎಂದು ಮಾತ್ರ ಹೇಳಿದರು, ಅದನ್ನು ಇಲ್ಲಿ ಬರೆಯುವುದಿಲ್ಲ. ನಾನು ಏಳುವ ಹೊತ್ತಿಗೆ ಒಂದು ಮಾತು ಅವರ ಬಾಯಿಂದ ಬಂತು.

“ಆಕಿ ಗಂಡ ತೀರಿ ಭಾಳ ವರ್ಷ ಆಗ್ಯದ್ರಿ ಟೀಚರ್. ಗಂಡ ಸತ್ತಾಕಿಗಿ ಯಾರೂ ಹೆಸರ ಹೇಳು ಅನ್ನಂಗಿಲ್ಲ. ಇಲ್ಲಿ ಕೇಳ್ತಾರಂತ ಬರ್ತಿದ್ರು.”

ವಾಪಸು ಬರುವಾಗ ಬಸ್ಸಿನಲ್ಲಿ ಅತ್ತುಬಿಟ್ಟೆ. ಮುಚ್ಚಿಡುವುದೇನಿದೆ. ಅಷ್ಟು ಮದುವೆ, ಅಷ್ಟು ಕುಬಸ ನೋಡಿದ್ದೇನೆ. ಹೆಸರು ಹೇಳಿಸುವ ಹೆಂಗಸರು ಸಾಲಾಗಿ ಎಲ್ಲರನ್ನೂ ಕಾಡಿಸುತ್ತ ಬಂದು, ಒಬ್ಬಳ ಮುಂದೆ ಮಾತ್ರ ಸುಮ್ಮನೆ ದಾಟಿ ಮುಂದಿನವಳಿಗೆ ಹೋಗುವುದನ್ನೂ ನೋಡಿದ್ದೇನೆ. ಹಾಗೆ ದಾಟಿಹೋದವರಲ್ಲಿ ನಾನೂ ಇದ್ದೆ. ಅದರಲ್ಲಿ ಏನೋ ಇದೆ ಎಂಬ ಅನುಮಾನ, ಎಲ್ಲದರಲ್ಲೂ ಅನುಮಾನಪಡುವ ನನಗೆ, ಒಮ್ಮೆಯೂ ಬಂದಿರಲಿಲ್ಲ.

ಮನೆಗೆ ಬಂದಾಗ ನಮ್ಮ ಅತ್ತೆ ಹಣಮಮ್ಮ ಅಂಗಳದಲ್ಲಿ ಕಾಲು ಚಾಚಿ ತೊಗರಿ ಹಸನು ಮಾಡುತ್ತಿದ್ದರು. ನನ್ನ ಮದುವೆಗೆ ಮೊದಲೇ ಮಾವನವರು ತೀರಿಕೊಂಡಿದ್ದರು, ನಾನು ಕಂಡದ್ದು ಗೋಡೆಯ ಮೇಲಿನ ಫೋಟೋ ಮಾತ್ರ. ನಾನು ಚಪ್ಪಲಿ ಬಿಟ್ಟವಳೇ ಎದುರು ಕುಳಿತು, ಅತ್ತಿ, ಮಾವಾರ ಹೆಸರು ಹೇಳ್ರಿ ಎಂದೆ. ಈ ಮನೆಯಲ್ಲಿ ನನ್ನನ್ನು ಮೀರಿಸುವ ಸಂಶಯ ಯಾರಿಗಾದರೂ ಇದ್ದರೆ ಅದು ಅವರಿಗೇ. ಯಾಕ, ಬ್ಯಾಂಕಿನವರು ಕೇಳ್ಯಾರೇನು ಎಂದರು. ಇಲ್ಲ, ಒಡಪು ಹಾಕಿ ಹೇಳಿ ಎಂದೆ. ಮೊರ ನಿಂತಿತು. ತಮಾಷೆ ಮಾಡುತ್ತಿದ್ದಾಳೋ ಎಂದು ನನ್ನ ಮುಖದಲ್ಲಿ ಹುಡುಕಿದರು. ಆಮೇಲೆ ತಡವರಿಸದೆ, ಒಂದೇ ಉಸಿರಿಗೆ ಹೇಳಿದರು:

“ಹಿತ್ತಲ ಬಳ್ಳಿ ತುಂಬಾ ಜೋತ ಬಿದ್ದಾವ ಹೀರಿಕಾಯ,
ಕೈ ಎಟಗದs ಬಡಗಿ ಹುಡಕತಾರ ನಮ್ಮ ಹಣಮಂತರಾಯ.”

ಹೇಳಿ, ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಹೀರೇಕಾಯಿ ಕೀಳಲೂ ಕೋಲು ಹುಡುಕುವಷ್ಟು ಮಾವನವರು ಕುಳ್ಳಗಿದ್ದರು ಎಂದು ನನಗೆ ಅಂದು ಗೊತ್ತಾಯಿತು. ಗೋಡೆಯ ಮೇಲಿನ ಫೋಟೋ ಎದೆಯವರೆಗೆ ಮಾತ್ರ ಇದೆ. ಮದುವೆಯಲ್ಲಿ ಹೇಳಿದ ಒಡಪಾ ಎಂದು ಕೇಳಿದೆ. ಅಲ್ಲವಂತೆ, ಅವರು ಹೋದ ಮೇಲೆ ಕಟ್ಟಿದ್ದಂತೆ. ಇಂಥವು ಇನ್ನೂ ಇವೆಯಂತೆ. ಯಾರಿಗೆ ಹೇಳಲೆಂದು ಕಟ್ಟಿದಿರಿ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಈಗ ಈ ಕಾಗದದ ಕೆಲಸಕ್ಕೆ ಬರುತ್ತೇನೆ. ನೀವು ಪಡಸಾಲೆಗೆ ಮರಳಬೇಕು. ಅಲ್ಲಿ ಒಂಟಿಯಾಗಿ ಉಳಿದಿದ್ದ ನನ್ನ ಆ ಒಂದು ಸಾಲನ್ನು ಅಳಿಸಿದ್ದೇನೆ, ನಿಮ್ಮ ಒಡಪುಗಳ ಫೋಟೋ ಎಲ್ಲ ಕರುಣಾ ಮೇಡಂಗೆ ಕೊಟ್ಟಿದ್ದೇನೆ, ನೀವು ಹೂಂ ಎಂದರೆ ತಿರುಗಿ ಹಾಕುತ್ತಾರೆ. ಹಕ್ಕಿನ ಮಾತು ಆಡಿದವಳು ನಾನೇ, ಆದ್ದರಿಂದ ನಾನೇ ಹೇಳುತ್ತೇನೆ: ಆ ಹೆಸರು ಹೇಳುವ ಹಕ್ಕು ನಿಮ್ಮದು, ನಿಮ್ಮ ಉಸಿರಿರುವ ತನಕ ನಿಮ್ಮದು. ಆದರೂ ಫೋನಿನ ಮೇಲೆ ನನಗೆ ಪೂರ್ತಿ ನಂಬಿಕೆ ಬಂದಿಲ್ಲ. ಇಂದು ಇರುವ ಪಡಸಾಲೆ ನಾಳೆ ಇರುತ್ತದೆ ಎಂದು ಏನು ಖಾತ್ರಿ? ಒಬ್ಬ ಹೆಂಗಸು ಉರಿದುಕೊಂಡು ಬರೆದ ಒಂದು ಸಾಲಿಗೆ ನೀವು ಹೊರಬೀಳಬೇಕಾದ ಜಾಗ ಅದು. ನಿಮಗೆ ಎದುರಿಗೆ ಕುಳಿತು ಕೇಳುವವರೂ ಬೇಕು.

ಬರುವ ಹುಣ್ಣಿಮೆ ಕಳೆದ ಸೋಮವಾರ ನಮ್ಮ ಮಗಳು ಶಿವಗಂಗಾಳ ಕುಬಸ, ಚಿತ್ತಾಪುರದ ನಮ್ಮ ಮನೆಯಲ್ಲೇ. ನೀವು ಬರಬೇಕು. ಅಡುಗೆಮನೆಯಲ್ಲಿ ಅಲ್ಲ, ಹಿಂದಿನ ಸಾಲಿನಲ್ಲಿ ಅಲ್ಲ, ಚಾಪೆಯ ಮೇಲೆ ಎಲ್ಲರ ನಡುವೆ ಕೂರಬೇಕು. ಹೆಸರು ಕೇಳುತ್ತ ಬರುವವಳು ನಾನೇ, ನಿಮ್ಮ ಮುಂದೆ ನಿಂತೇ ನಿಲ್ಲುತ್ತೇನೆ, ನಮ್ಮ ಅತ್ತೆಯ ಮುಂದೆಯೂ. ಶಹಾಬಾದಿನ ಬೀಗರು ಮುಖ ಗಂಟು ಹಾಕುತ್ತಾರೆ, ಅದು ನನಗೆ ಗೊತ್ತು. ಮಗಳ ಒಳ್ಳೆಯ ದಿನದಲ್ಲಿ ಇದೆಲ್ಲ ಬೇಕಿತ್ತಾ ಎಂದು ನನ್ನ ತವರಿನವರೇ ಅನ್ನಬಹುದು. ಮಗಳನ್ನು ಕೇಳಿದೆ, ಅಜ್ಜಿ ಹೇಳದಿದ್ದರೆ ತಾನು ಆರತಿಗೆ ಕೂರುವುದೇ ಇಲ್ಲ ಎಂದಳು. ನಮ್ಮ ಮನೆಯವರು ಚಾಪೆ ಎಷ್ಟು ಬೇಕು ಎಂದು ಕೇಳಿದರು, ಅದನ್ನು ಒಪ್ಪಿಗೆ ಎಂದು ಹಿಡಿದಿದ್ದೇನೆ.

ಒಪ್ಪದೆ ಇರುವವರು ಅತ್ತೆ ಒಬ್ಬರೇ. ಎಷ್ಟು ಬೇಡಿಕೊಂಡರೂ ತಲೆ ಅಲ್ಲಾಡಿಸಿದರು. ಕೊನೆಗೆ ನಿಮ್ಮ ವಿಷಯ ಹೇಳಿ, ನಿಮ್ಮ ಹಸಿರು ಬಳೆಯ ಒಡಪು ಓದಿದೆ. ಇನ್ನೊಮ್ಮೆ ಓದು ಎಂದರು. ಓದಿದೆ. ಆಮೇಲೆ ಅವರು ಆಡಿದ ಮಾತನ್ನು ಅವರ ಬಾಯಲ್ಲಿ ಬಂದ ಹಾಗೆಯೇ ಬರೆಯುತ್ತಿದ್ದೇನೆ.

“ಆಕಿಗಿ ಬಾ ಅಂತ ಬರಿ. ನಾ ಒಬ್ಬಾಕೀನs ಹೇಳಿದರ ಮುದುಕಿಗಿ ಹುಚ್ಚ ಹಿಡದದ ಅಂತಾರ. ಇಬ್ಬರು ಹೇಳಿದರ ಪದ್ಧತಿ ಅಂತಾರ.”

ನೀವು ಬರುತ್ತೀರೋ ಇಲ್ಲವೋ ಎಂಬ ಅನುಮಾನ ನನ್ನನ್ನು ಬಿಟ್ಟಿಲ್ಲ. ಅತ್ತೆಗೆ ಆ ಅನುಮಾನ ಇಲ್ಲ. ತಮ್ಮ ಪಕ್ಕದ ಜಾಗ ಯಾರಿಗೂ ಕೊಡಬೇಡ ಎಂದು ಈಗಲೇ ಹೇಳಿಟ್ಟಿದ್ದಾರೆ.

ನಿಮ್ಮ ರಮೇಶಕುಮಾರರ ಹೆಸರು ನಿಮ್ಮ ಬಾಯಲ್ಲಿ ಬಹುಕಾಲ ಬಾಳಲಿ ಎಂದು ಹರಸುವ,

ಭುವನೇಶ್ವರಿ
ಚಿತ್ತಾಪುರ